ಮೋಡ ಕಟ್ಟಿದ ಗ್ಲಾಸು

ಆಗಸ್ಟ್ ನಾಲ್ಕು, ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಠಾಣೆಯ ಬಾಗಿಲಲ್ಲಿ ಒರಗಿಸಿಟ್ಟ ಕೊಡೆಗಳು ಇನ್ನೂ ನೀರು ಸುರಿಸುತ್ತಿದ್ದವು. ಆಶಾಲತಾ ಎಂಬ ಮಹಿಳೆ ಕೈಬರಹದ ದೂರು ತಂದು ಇನ್‌ಸ್ಪೆಕ್ಟರ್ ಬರ್ನಡೆಟ್ ಲೋಬೊ ಅವರ ಮೇಜಿನ ಮೇಲಿಟ್ಟರು. ತನ್ನ ತಂದೆ ಮುದ್ದು, ಅರವತ್ತೆಂಟು ವರ್ಷ, ನಿನ್ನೆ ಸಂಜೆ ದೇರೆಬೈಲಿನಲ್ಲಿ ಅತ್ತೆಯ ಮಗ ಮುಖೇಶನ ಮನೆಯಲ್ಲಿ ವಿಸ್ಕಿ ಕುಡಿದು, ಅಸ್ವಸ್ಥರಾಗಿ, ಆಸ್ಪತ್ರೆಯಲ್ಲಿ ತೀರಿಕೊಂಡರು ಎಂದು ಅದರಲ್ಲಿತ್ತು.

"ತಂದೆಯವರಿಗೆ ಕುಡಿಯುವ ಅಭ್ಯಾಸ ಇತ್ತಾ?"

"ವರ್ಷಕ್ಕೊಮ್ಮೆ ಮೇಡಂ. ಆಟಿಯ ಅಗೆಲಿಗೆ ಮಾತ್ರ."

ತುಳುವರ ಮಳೆಗಾಲದ ತಿಂಗಳು ಆಟಿಯಲ್ಲಿ ಮನೆಯ ತೀರಿಹೋದವರಿಗೆ ಬಡಿಸುವ ಎಲೆಯೇ ಅಗೆಲು. ಸತ್ತವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಇಟ್ಟು, ಬಾಗಿಲು ಎಳೆದು, ಎಲ್ಲರೂ ಹೊರಗೆ ನಿಲ್ಲಬೇಕು. ಬಾಗಿಲು ತೆರೆದ ಮೇಲೆ ಮನೆಯ ಹಿರಿಯ ಆ ಎಲೆಯ ಪ್ರಸಾದ ತೆಗೆದುಕೊಳ್ಳದೆ ಉಳಿದವರು ಊಟಕ್ಕೆ ಕೂರುವ ಹಾಗಿಲ್ಲ. ಮುದ್ದು ಆ ಮನೆಯ ಹಿರಿಯರು. ಎಲೆ ಅವರ ತೀರಿಹೋದ ಅಣ್ಣ ನೋಣಯ್ಯನಿಗೆ. ನೋಣಯ್ಯನಿಗೆ ಕೋಳಿ ಸುಕ್ಕ ಇಲ್ಲದಿದ್ದರೂ ನಡೆಯುತ್ತಿತ್ತು, ವಿಸ್ಕಿ ಇಲ್ಲದೆ ನಡೆಯುತ್ತಿರಲಿಲ್ಲ.

"ಬಾಟ್ಲಿ ಎಲ್ಲಿಂದ ಬಂತು?"

"ಮುಖೇಶ ಭಾವನ ದೋಸ್ತಿ ಜಾಬಿರ್, ದುಬಾಯಿಂದ ತಂದುಕೊಟ್ಟದ್ದು. ಡೂಪ್ಲಿಕೇಟ್ ಮಾಲು."

"ಡೂಪ್ಲಿಕೇಟ್ ಅಂತ ಹೇಗೆ ಹೇಳ್ತೀರಿ?"

"ಅಪ್ಪ ಸತ್ತಿದ್ದಾರಲ್ಲ ಮೇಡಂ."

ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ದೇರೆಬೈಲಿನ ಮನೆಯಲ್ಲಿ ಪಂಚನಾಮೆ. ಅಗೆಲು ಬಡಿಸಿದ ಕೋಣೆಯಲ್ಲಿ ಬಾಳೆಲೆ ಬಾಡಿ ಅಂಚು ಮಡಿಸಿಕೊಂಡಿತ್ತು. ಸುಕ್ಕಕ್ಕೆ ಇರುವೆ ಮುತ್ತಿತ್ತು. ಎಲೆಯ ಪಕ್ಕದಲ್ಲಿ ಒಂದು ಗ್ಲಾಸು, ಒಂದು ಹಸಿರು ಬಾಟ್ಲಿ. ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್, ಹತ್ತು ವರ್ಷ ಪೀಪಾಯಿಯಲ್ಲಿ ಮಲಗಿದ್ದು. ಕಾಲು ಭಾಗ ಖಾಲಿ.

ಹೆಡ್ ಕಾನ್‌ಸ್ಟೆಬಲ್ ತುಕ್ರಪ್ಪ ಬಗ್ಗಿ ನೋಡಿ ಮೆಲ್ಲಗೆ ಹೇಳಿದ: "ಸ್ಪಿರಿಟ್‌ಗೇ ಸ್ಪಿರಿಟ್ ಬಡಿಸಿದ್ದಾರೆ ಮೇಡಂ."

"ಪಂಚನಾಮೆಯಲ್ಲಿ ಅದನ್ನು ಬರೀಬೇಡಿ."

ತುಕ್ರಪ್ಪನಿಗೆ ಎರಡು ಚಾಳಿ. ಒಂದು, ಮಾತಿಗೆ ಮಾತು ಗಂಟು ಹಾಕುವುದು. ಇನ್ನೊಂದು, ಕಮಿಷನರರಿಂದ ಹಿಡಿದು ಕ್ಯಾಂಟೀನಿನ ಹೆಂಗಸಿನವರೆಗೆ ಎಲ್ಲರ ದನಿ ಅಣಕು ಮಾಡುವುದು. ಎರಡಕ್ಕೂ ಮೆಮೊ ತೆಗೆದುಕೊಂಡಿದ್ದ. ಆದರೆ ಕಣ್ಣು ಚುರುಕು. ಬಾಟ್ಲಿಯನ್ನು ಬೆಳಕಿಗೆ ಹಿಡಿದವನು ನಗು ನಿಲ್ಲಿಸಿದ. ತಳದಲ್ಲಿ ಬಿಳಿ ಗಸಿಯ ತೆಳುವಾದ ಪದರವಿತ್ತು.

ಮುಖೇಶ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದ. ಹಿಂದೆ ಮಸ್ಕತ್‌ನ ಹೋಟೆಲ್ ಬಾರಿನಲ್ಲಿದ್ದವನು, ಈಗ ಟೈಲ್ಸ್ ಅಂಗಡಿ. ಎರಡು ದಿನದ ಗಡ್ಡ, ಕೈ ನಡುಗುತ್ತಿತ್ತು.

"ನಿಮ್ಮ ಮಾವ ಹೇಗೆ ಕುಡಿದರು? ಹಾಗೇನಾ, ಸೋಡಾ ಹಾಕಿಯಾ?"

"ಸೋಡಾ ಹಾಕಿದ್ರೆ ನಾನು ಬಿಡ್ತೇನಾ ಮೇಡಂ? ಎರಡು ಚಮಚ ನೀರು. ಅಷ್ಟೇ." ದುಃಖದ ನಡುವೆಯೂ ಅವನ ದನಿ ಬೇರೆಯಾಯಿತು, ಮಸ್ಕತ್ತಿಗೆ ಬಂದಿದ್ದ ಯಾವನೋ ಸ್ಕಾಟಿಷ್ ಸೇಲ್ಸ್‌ಮನ್ನನ ದನಿ ಅವನ ಗಂಟಲಲ್ಲಿ ಎದ್ದು ಕುಳಿತಂತೆ. "ನೀರು ಬಿದ್ದ ಕೂಡಲೇ ಗ್ಲಾಸಿನಲ್ಲಿ ಮೋಡ ಕಟ್ಟಿತು. ನಾನೇ ಹೇಳಿದೆ, ನೋಡಿ ಮಾವ, ತಣ್ಣಗೆ ಮಾಡಿ ಸೋಸಿದ ಅಗ್ಗದ ಮಾಲು ಕನ್ನಡಿಯ ಹಾಗೆ ಇರ್ತದೆ. ಸೋಸದೆ ಹಾಗೇ ತುಂಬಿಸಿದ್ದು ಮಾತ್ರ ಹೀಗೆ ಮಬ್ಬಾಗುವುದು, ಇದು ಒಳ್ಳೇ ಮಾಲಿನ ಗುರ್ತ. ಅಂದೆ." ದನಿ ಅಲ್ಲಿಗೇ ಒಡೆಯಿತು. "ಮಾವ ಒಂದು ಸಾಕು ಅಂದಿದ್ರು. ನಾನೇ ಇನ್ನೊಂದು ಹೊಯ್ದೆ."

"ನೀವು ಕುಡಿಯಲಿಲ್ಲ."

"ಇಲ್ಲ."

"ಯಾಕೆ?"

ಮುಖೇಶ ಅಡಿಗೆಮನೆಯ ಕಡೆ ನೋಡಿದ. "ಠಾಣೆಗೆ ಬಂದು ಹೇಳ್ತೇನೆ."

ಅಡಿಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಅಕ್ಷಿತಾ ನಿಂತಿದ್ದಳು. ಪಂಚನಾಮೆ ಮುಗಿಯುವವರೆಗೆ ಅವಳು ಕೇಳಿದ್ದು ಒಂದೇ ಮಾತು.

"ಜಾಬಿರಣ್ಣನನ್ನು ಎಂತ ಮಾಡ್ತೀರಿ?"

ಹೊಳೆಯಾಚೆ ಬೆಂಗ್ರೆಯಲ್ಲಿದ್ದ ಜಾಬಿರ್ ಕರೆದ ಕೂಡಲೇ ಫೆರಿ ಹತ್ತಿ ಬಂದ. ಅವನಿಗಿಂತ ಮೊದಲು ಅವನ ಹೆಸರು ಬಂದಿತ್ತು. ವಾಟ್ಸಾಪಿನಲ್ಲಿ ಬಾಟ್ಲಿಯ ಹೆಸರು ಯಾರೂ ಕೇಳಿರಲಿಲ್ಲ, ತಂದವನ ಹೆಸರು ಎಲ್ಲರಿಗೂ ಗೊತ್ತಾಗಿತ್ತು. ದುಬಾಯಿಯ ಸೂಪರ್‌ಮಾರ್ಕೆಟಿನಲ್ಲಿ ಕೆಲಸ. ಶನಿವಾರ ವಿಮಾನ. ಅದು ತಪ್ಪಿದರೆ ವೀಸಾ ಹೋಯಿತು, ವೀಸಾ ಹೋದರೆ ಕೆಲಸ ಹೋಯಿತು. ಬರ್ನಡೆಟ್ ಕೈ ಚಾಚಿದರು. ಅವನು ಪಾಸ್‌ಪೋರ್ಟ್ ಕೊಟ್ಟ.

"ನೀನು ಕುಡೀತೀಯಾ?"

"ಅಸ್ತಗ್‌ಫಿರುಲ್ಲಾ. ಮುಟ್ಟಿದ್ದು ಕೂಡ ಅದೊಂದೇ ಸಲ ಮೇಡಂ. ಮುಖೇಶ ಶಾಲೆಯಿಂದ ದೋಸ್ತಿ. ಒಂದು ತಂದುಕೊಡು ಮಾರಾಯ ಅಂದ, ಡ್ಯೂಟಿ ಫ್ರೀಯಲ್ಲಿ ತೆಗೊಂಡೆ."

"ಕೊಡುವಾಗ ಸೀಲು ಹೇಗಿತ್ತು?"

"ಗಟ್ಟಿ ಇತ್ತು. ಬಿಲ್ಲಿದೆ, ನೋಡಿ." ಆಮೇಲೆ ದನಿ ತಗ್ಗಿಸಿದ. "ಹೊರಗೆ ಉಮ್ಮ ಕೂತಿದ್ದಾರೆ. ಚೀಲದಲ್ಲಿ ಖರ್ಜೂರ ತಂದದ್ದು ಅಂತ ಹೇಳಿದ್ದೆ. ಅವರಿಗೆ..."

"ಊರಿಗೆಲ್ಲ ಗೊತ್ತಾಗಿದೆ ಜಾಬಿರ್."

ಹೊರಗಿನ ಬೆಂಚಿನಲ್ಲಿ ಅವನ ತಾಯಿ ಮೈಮೂನಾ ಬುರ್ಖಾದ ಒದ್ದೆ ಅಂಚು ಹಿಂಡುತ್ತಿದ್ದರು. ಬರ್ನಡೆಟ್ ಹೊರಬಂದಾಗ ಎದ್ದು ನಿಂತರು. "ಅವನು ಶರಾಬು ಹೊತ್ತು ತಂದದ್ದಕ್ಕೆ ಮನೆಯಲ್ಲಿ ನಾನು ಕೇಳಿಕೊಳ್ತೇನೆ ಮೇಡಂ. ಬಿಡುವುದಿಲ್ಲ. ಆದರೆ ವಿಷ ಹಾಕುವ ಕೈ ಅಲ್ಲ ಅದು."

ಮುಖೇಶ ಮಧ್ಯಾಹ್ನ ಠಾಣೆಗೆ ಬಂದು ಹೇಳಿಕೆ ಕೊಟ್ಟ.

"ಆ ಬಾಟ್ಲಿಯನ್ನು ನಾನು ತೆರೆದಿರಲಿಲ್ಲ. ಕಪಾಟಿನ ಮೇಲಿಟ್ಟು ದಿನಾ ನೋಡ್ತಿದ್ದೆ. ಹೋದ ವಾರ ಕೆಳಗೆ ಇಳಿಸಿದರೆ ಸೀಲು ಕತ್ತರಿಸಿದೆ, ಬಿರಡೆ ಸಡಿಲ ಉಂಟು."

"ಯಾರನ್ನೂ ಕೇಳಲಿಲ್ಲವಾ?"

"ಯಾರನ್ನು ಕೇಳುವುದು ಮೇಡಂ? ನಾನೇ ತೆರೆದಿರಬೇಕು. ಕುಡಿದವನಿಗೆ ಎಂತ ನೆನಪು? ಸ್ಕೂಟರು ಎಲ್ಲಿ ಬಿಟ್ಟೆ ಅಂತ ಮರೆತದ್ದುಂಟು. ಆದರೆ ಇದು... ಇದನ್ನು ತೆರೆಯುವ ದಿನಕ್ಕೆ ಕಾದು ಕೂತವನು ನಾನು. ಅದನ್ನೇ ತೆರೆದು ಅದನ್ನೇ ಮರೆತೆ ಅಂತಾದರೆ ನನ್ನ ತಲೆಯಲ್ಲಿ ಉಳಿದದ್ದೆಂತ? ಹೆದರಿಕೆ ಆಯ್ತು. ಆವತ್ತೇ ನಿಲ್ಲಿಸಿದೆ. ಕೈ ನಡುಗುವುದು ಅದಕ್ಕೇ. ಬಾಟ್ಲಿಯನ್ನು ದೊಡ್ಡ ಮಾವನ ಎಲೆಗೆ ಇಟ್ಟು ಕೈ ಮುಗಿದೆ, ಇದು ನಿಮಗೆ, ಇನ್ನು ನನಗೆ ಬೇಡ ಅಂತ."

"ಹೆಂಡತಿಗೆ ಹೇಳಿದ್ದೀರಾ?"

"ಇಲ್ಲ. ಬಿಟ್ಟೆ ಬಿಟ್ಟೆ ಅಂತ ಎಷ್ಟೋ ಸಲ ಹೇಳಿ ಆಗಿದೆ ಅವಳಿಗೆ. ಈ ಸಲ ಬಿಟ್ಟು ಆಮೇಲೆ ಹೇಳುವ ಅಂತ ಇದ್ದೆ."

ಬರ್ನಡೆಟ್ ಬರೆಯುವುದನ್ನು ನಿಲ್ಲಿಸಿ, ಬಾಟ್ಲಿಯ ಫೋಟೋ ತೆಗೆದುಕೊಂಡು ತುಕ್ರಪ್ಪನೊಂದಿಗೆ ಬಿಜೈಗೆ ಹೊರಟರು. ಅಲ್ಲಿ ವಿನಿಫ್ರೆಡ್ ಎಂಬಾಕೆಯ ವೈನ್ ಶಾಪ್ ಇತ್ತು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಎರಡರಷ್ಟು ಬೆಳೆಸಿದವರು. ಇಗರ್ಜಿಯಲ್ಲಿ ಮುಂದಿನ ಬೆಂಚು, ಅಂಗಡಿಯಲ್ಲಿ ಎತ್ತರದ ಸ್ಟೂಲು.

"ವಿನಿಬಾಯಿ, ಈ ಲೇಬಲಿನದ್ದು ಉಂಟಾ?"

"ಯೂನಿಫಾರ್ಮಿನಲ್ಲಿ ಬಂದು ಕೇಳ್ತಿಯಲ್ಲ ಮಾರಾಯ್ತಿ, ಗಿರಾಕಿಗಳು ಓಡಿ ಹೋಗ್ತಾರೆ." ಹಾಗೆನ್ನುತ್ತಲೇ ಬೀಗ ಹಾಕಿದ ಕಪಾಟಿನಿಂದ ಬಾಟ್ಲಿ ಇಳಿಸಿ, ಬಿಲ್ ಮಾಡಿ, ತೆರೆದರು. ಹೊಗೆಯ ವಾಸನೆ ಎದ್ದಿತು.

ತುಕ್ರಪ್ಪ ಮೂಗು ಮುಚ್ಚಿಕೊಂಡ. "ವೆನ್ಲಾಕ್ ಆಸ್ಪತ್ರೆಯ ವಾರ್ಡಿಗೆ ಬೆಂಕಿ ಬಿದ್ದ ಹಾಗೆ ಉಂಟು."

"ಅದಕ್ಕೇ ಹಣ ಕೊಡುವುದು. ಅಲ್ಲಿ ಕಾಡು ಕಮ್ಮಿ. ಜೌಗಿನ ಹುಲ್ಲು ಕೊಳೆತು ಮಣ್ಣಾದದ್ದನ್ನು ಕಡಿದು, ಒಣಗಿಸಿ, ಉರಿಸಿ, ಆ ಹೊಗೆಯಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಒಣಗಿಸ್ತಾರೆ. ಬೇರೆ ಧಾನ್ಯ ಬೆರೆಸುವುದಿಲ್ಲ, ಬೇರೆ ಭಟ್ಟಿಯದ್ದನ್ನೂ ಬೆರೆಸುವುದಿಲ್ಲ. ಅದಕ್ಕೆ ಸಿಂಗಲ್. ಹಿಂದೆ ಮಠದ ಪಾದ್ರಿಗಳು ಮದ್ದು ಅಂತ ಭಟ್ಟಿ ಇಳಿಸ್ತಿದ್ದರಂತೆ. ಆಮೇಲೆ ರಾಜ ತೆರಿಗೆ ಹಾಕಿದ, ಜನ ಗುಡ್ಡದಲ್ಲಿ ಅಡಗಿ ಇಳಿಸಿದರು. ನಮ್ಮ ಕಂಟ್ರಿ ಸಾರಾಯಿಯವರ ಹಾಗೇ! ಪೀಪಾಯಿಯಲ್ಲಿ ಇಟ್ಟದ್ದು ವರ್ಷಕ್ಕೆ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗ್ತದೆ. ಅದಕ್ಕೆ ದೇವದೂತರ ಪಾಲು ಅಂತ ಹೆಸರು."

"ನಮ್ಮಲ್ಲಿ ಅದು ಸತ್ತವರ ಪಾಲು," ಎಂದ ತುಕ್ರಪ್ಪ. ಈ ಸಲ ತಮಾಷೆಗೆ ಹೇಳಿದ ಹಾಗೆ ಕೇಳಲಿಲ್ಲ.

"ನೀರು ಹಾಕಿ ವಿನಿಬಾಯಿ."

ವಿನಿಫ್ರೆಡ್ ಎರಡು ಚಮಚ ನೀರು ಹಾಕಿದರು. ಮೂವರೂ ಬಗ್ಗಿ ನೋಡಿದರು. ಜೇನಿನ ಬಣ್ಣ ಸ್ವಲ್ಪ ತಿಳಿಯಾಯಿತು, ಅಷ್ಟೇ. ಗ್ಲಾಸಿನ ಆಚೆಗಿದ್ದ ಕ್ಯಾಲೆಂಡರಿನ ಅಂಕಿಗಳು ಸ್ಪಷ್ಟವಾಗಿ ಕಂಡವು.

"ಮೋಡ ಕಟ್ಟುವುದಿಲ್ಲವಾ?"

"ಕಟ್ಟುವ ಜಾತಿ ಬೇರೆ. ಇದು ಸೋಸಿದ್ದು. ಇದರಲ್ಲಿ ಮೋಡ ಕಂಡರೆ ಒಳಗೆ ಯಾರೋ ಎಂತದೋ ಹಾಕಿದ್ದಾರೆ ಅಂತ ಲೆಕ್ಕ."

ಮುಖೇಶನ ಅರ್ಧ ವಿದ್ಯೆ ಗಸಿಗೆ ಗುಣಪತ್ರ ಕೊಟ್ಟಿತ್ತು. ಅದನ್ನು ನಂಬಿ ಮಾವ ಎರಡನೆಯ ಗ್ಲಾಸು ಕುಡಿದಿದ್ದರು.

ಮಂಗಳವಾರ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಬಾಯಿಮಾತಿನಲ್ಲಿ ಹೇಳಿದರು: ಮುಖ ಕೆಂಪೇರಿದ್ದು, ವಾಂತಿ, ಎದೆ ಬಡಿತ, ಒಮ್ಮೆಲೇ ಕುಸಿದ ರಕ್ತದೊತ್ತಡ, ಕುಡಿತ ಬಿಡಿಸುವ ಮದ್ದು ನುಂಗಿದವರು ಮೇಲಿಂದ ಕುಡಿದರೆ ಹೀಗಾಗುತ್ತದೆ. ಮುದ್ದು ಅವರ ಹೃದಯಕ್ಕೆ ಮೊದಲೇ ಸ್ಟೆಂಟ್ ಹಾಕಿತ್ತು, ತಡೆಯಲಿಲ್ಲ. ಗುರುವಾರ ಪ್ರಯೋಗಾಲಯದಿಂದ ಫೋನು ಬಂತು. ವಿಸ್ಕಿ ಅಸಲಿ. ಗಸಿ ಅದೇ ಮದ್ದು, ಸುಣ್ಣದಂಥ ಪುಡಿಯೊಂದಿಗೆ.

"ವರ್ಷಕ್ಕೊಮ್ಮೆ ಕುಡಿಯುವವರಿಗೆ ಕುಡಿತ ಬಿಡಿಸುವ ಮದ್ದು ಯಾರು ಹಾಕ್ತಾರೆ ತುಕ್ರಪ್ಪ?"

"ಯಾರೂ ಹಾಕುವುದಿಲ್ಲ. ದಿನಾ ಕುಡಿಯುವವನಿಗೆ ಹಾಕಿದ್ದು, ದಾರಿ ತಪ್ಪಿದೆ." ತುಕ್ರಪ್ಪ ಜೇಬಿನಿಂದ ಮೊಬೈಲು ತೆಗೆದ. ಬಿಜೈ ಬಸ್ ಸ್ಟ್ಯಾಂಡಿನ ಹತ್ತಿರದ ಗೋಡೆಯಲ್ಲಿ ಅಂಟಿಸಿದ್ದ ಚೀಟಿಯ ಫೋಟೋ ಇತ್ತು: ಕುಡಿತ ಬಿಡಿಸಿ, ಕುಡಿಯುವವರಿಗೆ ಗೊತ್ತಾಗದಂತೆ. ಕೆಳಗೆ ನಂಬರು. "ಒಂದು ಫೋನ್ ಮಾಡ್ಲಾ ಮೇಡಂ? ಮೆಮೊ ಕೊಡಬಾರದು."

ಸ್ಪೀಕರ್ ಹಾಕಿ, ಕೆಮ್ಮಿ, ತುಕ್ರಪ್ಪ ಒಂದು ಹೆಂಗಸಾದ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮಾತಾಡುವ ಹೆಂಗಸು. "ಅಣ್ಣಾ, ನಮ್ಮವರದ್ದು ತುಂಬ ಆಗಿದೆ ಅಣ್ಣಾ... ಅವರಿಗೆ ಗೊತ್ತಾದರೆ ನನ್ನನ್ನು ಕೊಲ್ತಾರೆ..."

"ಗೊತ್ತೇ ಆಗಲ್ಲಮ್ಮ. ಅನ್ನದಲ್ಲಿ, ಸಾರಲ್ಲಿ ಹಾಕಿ."

"ಮನೆಯಲ್ಲಿ ಊಟವೇ ಮಾಡುವುದಿಲ್ಲ ಅಣ್ಣಾ. ಬಾಟ್ಲಿಗೆ ಹಾಕಬಹುದಾ?"

"ದೇರೆಬೈಲಿನವರೊಬ್ಬರು ಹೋದ ತಿಂಗಳು ಇದನ್ನೇ ಕೇಳಿದ್ರು. ಹಾಕಿ ಅಂದೆ. ಆಮೇಲೆ ಕಂಪ್ಲೇಂಟೇ ಇಲ್ಲ."

ಫೋನು ಇಟ್ಟ ಮೇಲೆ ತುಕ್ರಪ್ಪನಿಗೆ ತನ್ನ ದನಿಗೆ ಮರಳಲು ಸ್ವಲ್ಪ ಹೊತ್ತು ಬೇಕಾಯಿತು. ಪುಡಿ ಮಾರುವವನ ನಂಬರು ಹಿಡಿದು ಒಂದು ತಂಡ ಹೊರಟಿತು.

ಶುಕ್ರವಾರ ನಾಲ್ಕು ಗಂಟೆಗೆ ಬರ್ನಡೆಟ್ ಮಹಿಳಾ ಕಾನ್‌ಸ್ಟೆಬಲ್ ಜೊತೆ ದೇರೆಬೈಲಿಗೆ ಹೋದರು. ಹೆಂಗಸನ್ನು ಬಂಧಿಸುವುದಿದ್ದರೆ ಸೂರ್ಯ ಮುಳುಗುವ ಮೊದಲು. ಆಟಿಯಲ್ಲಿ ಸೂರ್ಯ ಎಲ್ಲಿದ್ದಾನೆಂದು ಗಡಿಯಾರವನ್ನೇ ಕೇಳಬೇಕು. ಮುಖೇಶ ಮಾವನ ಕಾರ್ಯದ ಕೆಲಸಕ್ಕೆ ಹೊರಗೆ ಹೋಗಿದ್ದ. ಅಕ್ಷಿತಾ ಒಬ್ಬಳೇ ಇದ್ದಳು.

"ಜಾಬಿರಣ್ಣನ ಪಾಸ್‌ಪೋರ್ಟ್ ಕೊಟ್ಟಿರಾ ಮೇಡಂ?"

"ಅದು ನಿಮ್ಮ ಕೈಯಲ್ಲಿದೆ."

ಅಕ್ಷಿತಾ ನೆಲದಲ್ಲಿ ಕುಳಿತಳು. "ನಾಳೆ ಅವನ ವಿಮಾನ. ಬೆಳಿಗ್ಗೆಯಿಂದ ಠಾಣೆಗೆ ಹೊರಟು ಚಪ್ಪಲಿ ಹಾಕುವುದು, ತೆಗೆಯುವುದು, ಅದೇ ಆಯ್ತು. ಸೀಲು ಕತ್ತರಿಸಿ ಪುಡಿ ಹಾಕಿದ್ದು ನಾನು."

"ಎಲ್ಲ ಬಿಟ್ಟು ಆ ಬಾಟ್ಲಿಗೇ ಯಾಕೆ?"

"ಬೇರೆ ಬಾಟ್ಲಿ ಅವರು ಕದ್ದು ಕುಡೀತಿದ್ರು. ಅದಕ್ಕೆ ನಾಚಿಕೆಯಾದರೂ ಇತ್ತು. ಇದಕ್ಕೆ ಗರ್ವ. ನೆಂಟರು ಬಂದರೆ ಸಾಕು, ಇಂಗ್ಲಿಷಿನವನ ಸ್ವರ ತೆಗೆದು ಪಾಠ. ಇದು ಕುಡಿಯುವುದಲ್ಲ, ಸವಿಯುವುದು ಅಂತೆ. ಮಗಳು ಕೂಡ ಅಪ್ಪನ ಹಾಗೆ ಗ್ಲಾಸು ಮೂಸಿ ನಗಾಡ್ತಾಳೆ. ಅದೊಂದು ಅವರಿಗೆ ಹೊಟ್ಟೆ ತೊಳಸಿದರೆ ಉಳಿದದ್ದು ತನ್ನಿಂದ ತಾನೇ ಬಿಡ್ತದೆ ಅಂದುಕೊಂಡೆ. ಅದರ ಹೊಗೆಯ ನಾತದಲ್ಲಿ ಯಾವ ಪುಡಿ ಹಾಕಿದರೂ ತಿಳಿಯುವುದಿಲ್ಲ ಅಂತ ಧೈರ್ಯ. ಅವರು ಅದನ್ನು ಯಾರಿಗೂ ಮುಟ್ಟಲು ಬಿಡುವವರಲ್ಲ ಮೇಡಂ. ಯಾರಿಗೂ."

"ಎಲೆಗೆ ಇಟ್ಟದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಎಲೆ ಬಡಿಸುವಾಗ ನಾನು ಅಡಿಗೆಮನೆಯಲ್ಲಿದ್ದೆ, ರೊಟ್ಟಿ ತೆಗೊಂಡು ಬಂದಾಗ ನೋಡಿದೆ. ಮಾವನ ಗ್ಲಾಸು ಖಾಲಿಯಾಗಿತ್ತು."

"ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರಲ್ಲ, ಏನು ತಿಂದರು, ಏನು ಕುಡಿದರು ಅಂತ."

"ಕೇಳಿದರು."

"ನೀವಿದ್ದಿರಿ."

"ಇದ್ದೆ. ಮಾವ ನನ್ನ ಕೈ ಹಿಡಿದುಕೊಂಡಿದ್ರು." ತಲೆ ಎತ್ತಿ ಕೇಳಿದಳು, "ಹೇಳಿದ್ದರೆ ಉಳೀತಿದ್ರಾ?"

ವೈದ್ಯರು ಅದನ್ನು ಹೇಳಲು ಬರುವುದಿಲ್ಲ ಎಂದಿದ್ದರು. ಬರ್ನಡೆಟ್ ಅಷ್ಟನ್ನೇ ಹೇಳಿದರು. ಐದೂಕಾಲಿಗೆ ಬಂಧನ ದಾಖಲಾಯಿತು. ಕೊಲ್ಲುವ ಉದ್ದೇಶ ಇರಲಿಲ್ಲ ಎಂದು ಕಲಂ ಬದಲಾಗಬಹುದು, ಸಾವು ಬದಲಾಗುವುದಿಲ್ಲ.

ಠಾಣೆಯಲ್ಲಿ ಜಾಬಿರ್ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮೈಮೂನಾ ಒಳಗಿದ್ದ ಅಕ್ಷಿತಾಳನ್ನು ಕಂಬಿಯ ಸಂದಿನಿಂದ ನೋಡಿದರು, ಮಗನ ತೋಳು ಹಿಡಿದು ಮಳೆಗೆ ಇಳಿದರು.

ಹೇಳಿಕೆಗೆ ಸಹಿ ಹಾಕುವಾಗ ಅಕ್ಷಿತಾ ಪೆನ್ನು ನಿಲ್ಲಿಸಿದಳು.

"ಒಂದು ಕೇಳ್ಲಾ ಮೇಡಂ? ಅವರು ಅದನ್ನು ಎಲೆಗೆ ಯಾಕೆ ಇಟ್ಟರು?"

ಮುಖೇಶನ ಹೇಳಿಕೆ ಅದೇ ಫೈಲಿನಲ್ಲಿತ್ತು. ಬರ್ನಡೆಟ್ ತುಕ್ರಪ್ಪನ ಕಡೆ ನೋಡಿದರು. ಅವನು ಕಿಟಕಿಯ ಕಡೆ ನೋಡುತ್ತಿದ್ದ. ಕೊನೆಗೆ ಅವರೇ ಹೇಳಿದರು, ಹೇಳಿಕೆಯಲ್ಲಿದ್ದಷ್ಟೇ: ಸೀಲು ಕತ್ತರಿಸಿದ್ದನ್ನು ಕಂಡು, ತಾನೇ ತೆರೆದು ಮರೆತೆನೆಂದು ಹೆದರಿ, ಅವತ್ತೇ ಕುಡಿತ ನಿಲ್ಲಿಸಿದ. ಬಾಟ್ಲಿಯನ್ನು ಸತ್ತವರಿಗೆ ಒಪ್ಪಿಸಿದ. ಇವತ್ತಿನವರೆಗೂ ಮುಟ್ಟಿಲ್ಲ.

ಅಕ್ಷಿತಾ ಪೆನ್ನನ್ನು ಮತ್ತೆ ಕಾಗದಕ್ಕೆ ತಾಗಿಸಿದಳು.

"ಹಾಗಾದರೆ," ಎಂದಳು, "ಪುಡಿ ಬಿಡಿಸಿತು."

ಆಮೇಲೆ ಸಹಿ ಹಾಕಿದಳು.