ಸೋಲಲು ಬರುತ್ತಿದ್ದ ಕಳ್ಳ

ಎಂಟು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಾನು ಕಟ್ಟಿದ ಕೋಟೆಯನ್ನು ಆಟಿಕೆ ಅಂಗಡಿಯ ಮಾಲೀಕರ ತಾಯಿ ಏಳೇ ನಡೆಯಲ್ಲಿ ಗೆದ್ದುಬಿಟ್ಟರು.

"ಇದೇನಮ್ಮ, ಕೋಟೆಯೋ ಜರಡಿಯೋ?" ಎಂದರು, ಕಳ್ಳನ ಗೊಂಬೆಯನ್ನು ರಾಣಿಯ ಪಕ್ಕ ಕೂರಿಸುತ್ತಾ. "ಎಲ್ಲಿ ನೋಡಿದ್ರೂ ಬಾಗಿಲು. ನನ್ನಂಥ ಮಂಡಿನೋವಿನವಳೂ ಆರಾಮಾಗಿ ನುಗ್ಗಬಹುದು."

ಆ ಅಂಗಡಿಗೆ ಯಾವ ಹೊಸ ಆಟ ಬಂದರೂ ಮೊದಲು ಅವರು ಆಡಬೇಕು. ಅವರು ಸೈ ಎಂದರಷ್ಟೇ ಅದು ಮುಂದಿನ ಗಾಜಿನ ಕಪಾಟಿಗೆ ಏರುವುದು.

"ಒಂದು ವಾರ ಟೈಮ್ ಕೊಡ್ತೀನಿ," ಎಂದರು ಮಾಲೀಕರು ಮೆತ್ತಗೆ. "ಆಮೇಲೆ ಕಪಾಟು ಬೇರೆಯವರಿಗೆ."

ಅದು ಸಿಗದಿದ್ದರೆ ನಾನೂ ಅಕ್ಕನೂ ನಡೆಸುತ್ತಿದ್ದ ಪುಟ್ಟ ಆಟದ ಕಂಪನಿಗೆ ಬೀಗ. ನಾನು ಮತ್ತೆ ಹಳೇ ಆಫೀಸಿನ ಕುರ್ಚಿಗೆ, ಯಾರದೋ ಫಾರಂ ತುಂಬುವುದಕ್ಕೆ.

ನನ್ನಜ್ಜಿಯ ಕತೆಗಳಲ್ಲಿ ಯಾವಾಗಲೂ ಒಂದು ಏಳು ಸುತ್ತಿನ ಕೋಟೆ, ಒಳಗೊಬ್ಬಳು ರಾಣಿ. ಅದನ್ನೇ ಹಲಗೆಯ ಮೇಲೆ ಇಳಿಸಿದ್ದೆ. ಒಬ್ಬರು ಕಳ್ಳ, ಒಂದೊಂದೇ ಸುತ್ತು ದಾಟಿ ಒಳಗೆ ಬರಬೇಕು. ಇನ್ನೊಬ್ಬರು ರಾಣಿ, ಬಾಗಿಲು ಮುಚ್ಚಿ ಮುಚ್ಚಿ ಅವನನ್ನು ಸೆರೆ ಹಿಡಿಯಬೇಕು. ಅಷ್ಟೇ ಆಟ.

ಪ್ರತಿ ಗುರುವಾರ ಸಂಜೆ ಕಳ್ಳನಾಗಲು ಬರುತ್ತಿದ್ದವನು ನಮ್ಮ ಬಡಗಿ. ಹಲಗೆ, ಗೊಂಬೆ, ಬಾಗಿಲು ಎಲ್ಲ ಕೆತ್ತಿಕೊಡುವವನೂ ಅವನೇ. ಎದುರಿಗೆ ರಾಣಿಯ ಬಾಗಿಲು ಮುಚ್ಚುತ್ತಿದ್ದವಳು ನಾನು, ಗಮನವೆಲ್ಲ ನೋಟ್‌ಬುಕ್ಕಿನ ಮೇಲೆ. ಅಕ್ಕ ಅವನಿಗಿಟ್ಟ ಹೆಸರು ಉಳಿರಾಯ. ಉದ್ದನೆ ಬೆರಳು, ಹುಬ್ಬಿನ ಮೇಲೆ ಒಂಚೂರು ಮರದ ಪುಡಿ, ಬಾಯಿಗಿಂತ ಮೊದಲು ನಗುವ ಕಣ್ಣು. ಆ ಕಣ್ಣು ನನಗೆ ಕಾಣುತ್ತಿರಲಿಲ್ಲ ಅಂತಲ್ಲ. ಕಂಡ ತಕ್ಷಣ ನೋಟ್‌ಬುಕ್ಕಿಗೆ ತಲೆ ತಗ್ಗಿಸಿ ಬರೆದುಬಿಡುತ್ತಿದ್ದೆ: 'ಕಳ್ಳ ಮೂರನೇ ಸುತ್ತಿನಲ್ಲಿ ಸೆರೆ.'

ಪ್ರತಿ ವಾರವೂ ಮೂರನೇ ಸುತ್ತೇ. ಪಾಪ, ಆಟ ಕಷ್ಟವಾಯಿತೇನೋ ಎಂದು ಕಳ್ಳನಿಗಾಗಿ ಬಾಗಿಲು ಹೆಚ್ಚಿಸಿದೆ. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು.

ಅಂಗಡಿಯಿಂದ ಕೋಟೆ ಹೊತ್ತುಕೊಂಡು ಸೀದಾ ಅವನ ವರ್ಕ್‌ಶಾಪಿಗೆ ಹೋದೆ. ಕುರ್ಚಿ ಕಾಲಿಗೆ ಉಪ್ಪುಕಾಗದ ತಿಕ್ಕುತ್ತಿದ್ದ.

"ಅಷ್ಟು ವಯಸ್ಸಾದವರು ಏಳು ನಡೆಯಲ್ಲಿ ಗೆದ್ರು. ನೀನು ಇಷ್ಟು ದಿನದಲ್ಲಿ ಮೂರನೇ ಸುತ್ತು ದಾಟಲಿಲ್ಲ. ಅಷ್ಟು ದಡ್ಡನಾ ನೀನು?"

"ದಡ್ಡ ಅಂತಲೇ ಇಟ್ಕೋ," ಎಂದ, ತಲೆ ಎತ್ತದೆ.

"ಬೇಕಂತಲೇ ಸೋತೆ. ಅಲ್ವಾ?"

ಅವನ ಕೈ ನಿಂತಿತು. ಕಿವಿ ಕೆಂಪಾಯಿತು. "ಹೂಂ."

"ಯಾಕೆ?"

"ಮೊಟ್ಟಮೊದಲ ಸಲ ನಾನೇ ಗೆದ್ದಿದ್ದೆ. ಕಾಗದದ ಹಲಗೆ ಆಗ. ಎಲ್ಲಿ ತಪ್ಪಿತು ಅಂತ ನೀನು ವಾರಪೂರ್ತಿ ಊಟ ತಿಂಡಿ ಬಿಟ್ಟು ಕೂತೆ. ಮುಂದಿನ ವಾರ ನಾನು ಸೋತೆ. ನೀನು ಚಪ್ಪಾಳೆ ತಟ್ಟಿ, ನೋಟ್‌ಬುಕ್ ಮುಚ್ಚಿ, ಕಿಟಕಿ ಹತ್ರ ನಿಂತು ಟೀ ಕುಡಿದೆ. ನಿಮ್ಮಜ್ಜಿ ಕತೆ ಹೇಳಿ ನಗಾಡಿದೆ. ಹತ್ತೇ ನಿಮಿಷ." ಉಪ್ಪುಕಾಗದವನ್ನು ಮಡಚಿದ. "ಆ ಹತ್ತು ನಿಮಿಷಕ್ಕೋಸ್ಕರ ಸೋಲ್ತಾ ಬಂದೆ."

ಸಿಟ್ಟು ಬರಬೇಕಿತ್ತು, ಬಂತು ಕೂಡ. ಅದರಡಿಯಲ್ಲೇ ಎದೆಯೊಳಗೆ ಏನೋ ಬೆಚ್ಚಗಾಯಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನನ್ನ ಕೆಲಸ ಹಾಳುಮಾಡಿದೆ ನೀನು."

"ಮಾಡಿದೆ. ತಪ್ಪು ನಂದೇ. ಆದ್ರೆ ನೀನು ನನ್ನ ಜೊತೆ ಒಂದು ಸಲವಾದ್ರೂ ಮನಸಿಟ್ಟು ಆಡಿದ್ದೀಯಾ? ಬರೀ ಬರ್ಕೊಳ್ತಿದ್ದೆ. ಆಡಿದ್ದಿದ್ರೆ, ಎದುರಿಗೆ ಕೂತವನು ನಾಟಕ ಮಾಡ್ತಿದ್ದಾನೆ ಅಂತ ಮೊದಲ ದಿನವೇ ಗೊತ್ತಾಗ್ತಿತ್ತು."

ಕೋಟೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಅಕ್ಕನ ಮುಂದೆ ಎಲ್ಲ ಕಕ್ಕಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಗಲು ರಾತ್ರಿ ಕೂತು ಸರಿಮಾಡ್ತೀನಿ," ಎಂದಾಗ ಮಾತ್ರ ನಗು ನಿಲ್ಲಿಸಿ, ವರ್ಕ್‌ರೂಮಿನ ಕೀಲಿಯನ್ನು ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

"ಮೂರು ದಿನ ರಜ."

"ಇರೋದೇ ಏಳು ದಿನ ಕಣೇ!"

"ಎಂಟು ತಿಂಗಳು ನಿದ್ದೆಗೆಟ್ಟು ಜರಡಿ ಮಾಡಿದ್ದೀಯ. ಇನ್ನೇಳು ದಿನ ನಿದ್ದೆಗೆಟ್ರೆ ಬರೀ ತೂತೇ ಉಳಿಯೋದು. ಹೋಗಿ ಮಲ್ಕೋ."

ಮೊದಲ ದಿನ ಮಲಗಿದೆ. ಮಧ್ಯಾಹ್ನ ಎದ್ದು ಉಂಡು ಮತ್ತೆ ಮಲಗಿದೆ. ಎರಡನೇ ದಿನ ಬೀದಿಯ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ನನ್ನನ್ನೂ ಸೇರಿಸ್ಕೊಳ್ರೋ ಎಂದು ಗೋಗರೆದು ಸೇರಿಕೊಂಡೆ. ಎರಡನೇ ಮನೆಗೇ ಮುಗ್ಗರಿಸಿದೆ. "ಅಕ್ಕ ಔಟ್!" ಎಂದು ಮುಂದಿನ ಹಲ್ಲಿಲ್ಲದ ಹುಡುಗಿಯೊಬ್ಬಳು ಕಿರುಚಿದಳು. ಔಟಾದರೂ ಇಷ್ಟು ಖುಷಿಯಾಗುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಆಗ ಅಜ್ಜಿ ನೆನಪಾದಳು. ಕತೆಯ ನಡುವೆ ಗಲ್ಲಕ್ಕೆ ಕೈಯಿಟ್ಟು, "ಮುಂದೇನಾಯ್ತು ಗೊತ್ತಾ?" ಎನ್ನುತ್ತಿದ್ದಳು. ಅವಳಿಗೂ ಗೊತ್ತಿರುತ್ತಿರಲಿಲ್ಲ. ಕತೆ ಕಟ್ಟುತ್ತಲೇ ಅವಳೂ ಅದರೊಳಗೆ ನಮ್ಮಷ್ಟೇ ಆಡುತ್ತಿದ್ದಳು.

ಮೂರನೇ ದಿನ ಉಳಿರಾಯನಿಗೆ ಫೋನ್ ಮಾಡಿದೆ. "ಕೋಟೆ ತಗೊಂಡು ಬಾ. ಹೆಚ್ಚಿಗೆ ಮಾಡಿದ ಬಾಗಿಲೆಲ್ಲ ಕಿತ್ತುಹಾಕು."

ತಾರಸಿಯ ಎಳೆಬಿಸಿಲಿನಲ್ಲಿ ಹಲಗೆ ಹಾಸಿದ. ಸುತ್ತ ನೋಡಿದ. "ನೋಟ್‌ಬುಕ್ ಎಲ್ಲಿ?"

"ತಂದಿಲ್ಲ."

ಅವನು ಅಭ್ಯಾಸಬಲದಿಂದ ಕಳ್ಳನಿಗೆ ಕೈಹಾಕಿದ. ನಾನು ಕಿತ್ತುಕೊಂಡೆ. "ಇವತ್ತು ಕಳ್ಳಿ ನಾನು. ನೀನು ರಾಣಿ."

"ಈ ಮೀಸೆ ಇಟ್ಕೊಂಡಾ?"

"ರಾಣಿಗೆ ಮೀಸೆ ಇರಬಾರದು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ."

ಅವನು ನಿಜವಾಗಿ ಆಡಿದ. ಅಬ್ಬಾ! ಮೂರು ಆಟವೂ ಎರಡನೇ ಸುತ್ತಿನಲ್ಲೇ ನನ್ನನ್ನು ಕಟ್ಟಿಹಾಕಿದ.

"ಇಷ್ಟು ಚೆನ್ನಾಗಿ ಆಡ್ತೀಯಾ!"

"ಸೋಲೋದೇನು ಸುಲಭ ಅಂದ್ಕೊಂಡ್ಯಾ? ಗೆಲ್ಲೋ ದಾರಿ ಪೂರ್ತಿ ಗೊತ್ತಿದ್ರೇನೇ ಅದನ್ನ ತಪ್ಪಿಸ್ಕೊಂಡು ಓಡಾಡೋಕಾಗೋದು."

ನಾಲ್ಕನೇ ಆಟ. ಹೇಗೋ ಏನೋ ಐದನೇ ಸುತ್ತು ತಲುಪಿದೆ. ಸುತ್ತಲೂ ಮುಚ್ಚಿದ ಬಾಗಿಲು. ಅವನು ನನ್ನನ್ನೇ ನೋಡುತ್ತಾ, ತೋರುಬೆರಳಿನಿಂದ ನನ್ನ ಪಕ್ಕದ ಬಾಗಿಲನ್ನು ಮೆಲ್ಲಗೆ ತಳ್ಳಿ ತೆರೆದ.

"ಏಯ್, ರಾಣಿ ಬಾಗಿಲು ತೆಗೆಯೋ ಹಾಗಿಲ್ಲ!"

"ಯಾಕೆ? ರಾಣಿ ಮನೆ, ರಾಣಿ ಬಾಗಿಲು. ಇಷ್ಟು ದೂರ ಬಂದೋರು ಯಾರು ಅಂತ ಅವಳಿಗೂ ನೋಡ್ಬೇಕು ಅನ್ಸಲ್ವಾ?"

ಮೈ ಜುಮ್ಮೆಂದಿತು. ಆ ಬಾಗಿಲು ಬಲೆಯೋ, ಕರೆಯೋ? ತಿಳಿಯಬೇಕಾದರೆ ಅವನ ಮುಖವನ್ನೇ ನೋಡಬೇಕು. ನೋಡಿದೆ. ತಲೆ ತಗ್ಗಿಸಲು ಎದುರಿಗೆ ಹಾಳೆಯೂ ಇರಲಿಲ್ಲ. ರೆಪ್ಪೆಯ ತುದಿಯಲ್ಲಿ ಹೊಂಬಣ್ಣದ ಮರದ ಪುಡಿ, ತಡೆಹಿಡಿದ ನಗು, ತುಟಿಯ ಎಡಮೂಲೆಯಲ್ಲಿ ಸಣ್ಣ ಗುಳಿ. ಎಂಟು ತಿಂಗಳು ಇದೆಲ್ಲ ಎದುರಿಗೇ ಇತ್ತಾ?

ಅಲ್ಲೇ ಇತ್ತು ನನ್ನ ಆಟವೂ. ಪ್ರತಿ ಸರದಿಗೂ ರಾಣಿ ಒಂದು ಬಾಗಿಲು ತೆರೆಯಲೇಬೇಕು. ಅದು ಬಲೆಯೋ ಕರೆಯೋ ಎಂದು ಕಳ್ಳ ಎದುರಿನ ಮುಖ ಓದಿ ತಿಳಿಯಬೇಕು.

"ಬರ್ತೀಯೋ ಇಲ್ವೋ?" ಎಂದ.

ಹೋದೆ. ಅವನು ಟಪ್ಪೆಂದು ಹಿಂದಿನ ಬಾಗಿಲು, ಮುಂದಿನ ಬಾಗಿಲು ಎರಡೂ ಮುಚ್ಚಿದ.

"ಮೋಸಗಾರ!" ಎಂದು ಅವನ ತೋಳಿಗೆ ಗುದ್ದಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಗುದ್ದಿದ ಕೈಯನ್ನು ತೋಳಿನ ಮೇಲಿಂದ ತೆಗೆಯಲು ನಾನು ಮರೆತೆ. ಅವನು ನೆನಪಿಸಲೂ ಇಲ್ಲ.

ವಾರ ತುಂಬಿದ ದಿನ ಅಂಗಡಿಯೊಳಗೆ ತಾಯಿ ಮಗ ಆಡಲು ಕೂತರು. ನಾವಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಐದು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಒಳಗಿಂದ ಯಾರೂ ಕರೆಯಲಿಲ್ಲ.

"ಇನ್ಮೇಲೆ ಸೋಲೋಕೆ ಯಾರೂ ಬೇಡ," ಎಂದ ಅವನು, ಅಂಗೈ ನೋಡಿಕೊಳ್ಳುತ್ತಾ. "ಆದ್ರೂ ಗುರುವಾರ ಬರ್ಲಾ?"

"ಬೇಡ. ಗುರುವಾರ ಕೆಲಸದ ದಿನ."

ಅವನ ಮುಖ ಬಾಡಿತು. ಒಂದು ಗಳಿಗೆ ಬಾಡಲು ಬಿಟ್ಟು ಆಮೇಲೆ ಹೇಳಿದೆ. "ಭಾನುವಾರ ಬಾ. ಭಾನುವಾರ ಇನ್ಮೇಲೆ ವರ್ಕ್‌ರೂಮ್ ತೆಗೆಯಲ್ಲ ನಾನು. ಹಲಗೆ ತರಬೇಡ, ಗೊಂಬೆ ತರಬೇಡ, ನೀನು ಬಾ."

"ಬಂದು ಏನು ಮಾಡ್ಲಿ?"

"ಏನೂ ಬೇಡ. ನೀನಂದ್ರೆ ನನಗಿಷ್ಟ. ಅದಕ್ಕೆ ಬಾ."

ಅವನು ಒರಟಾದ ಅಂಗೈಯೊಳಗೆ ನನ್ನ ಕೈಯನ್ನು ತೆಗೆದುಕೊಂಡ, ಆಗಷ್ಟೇ ಕೆತ್ತಿ ಮುಗಿಸಿದ ಗೊಂಬೆಯನ್ನು ಹಿಡಿಯುವಷ್ಟು ಜೋಪಾನವಾಗಿ.

ಬಾಗಿಲು ತೆರೆದು ಮಾಲೀಕರು ಇಣುಕಿದರು. ಕೂದಲು ಕೆದರಿತ್ತು. "ಮೂರನೇ ಆಟ ಶುರುವಾಗಿದೆ. ಅಮ್ಮ ನನ್ನನ್ನ ಏಳೋಕೆ ಬಿಡ್ತಿಲ್ಲ. ಕಪಾಟು ನಿಮ್ಮದೇ, ನಾಳೆ ಬೆಳಿಗ್ಗೆ ಬಂದು ಜೋಡಿಸ್ಕೊಳ್ಳಿ."

"ಲೋ, ಬಾರೋ! ನಿನ್ನ ಸರದಿ!" ಎಂದು ಒಳಗಿಂದ ಕೂಗು ಬಂತು. ಬಾಗಿಲು ಮುಚ್ಚಿತು.

ಸಂಜೆಗೆ ಇನ್ನೂ ತುಂಬಾ ಹೊತ್ತಿತ್ತು. ಅಕ್ಕನಿಗೆ ಸುದ್ದಿ ಹೇಳಬೇಕಿತ್ತು, ಪೆಟ್ಟಿಗೆ ಕಟ್ಟಬೇಕಿತ್ತು, ಹೊಸ ನಿಯಮ ಅಚ್ಚು ಹಾಕಿಸಬೇಕಿತ್ತು.

"ಹೊರಡೋಣ್ವಾ?" ಎಂದ ಅವನು.

"ಇರು, ಏನವಸರ," ಎಂದು ನಾನು ಅವನ ಭುಜಕ್ಕೆ ತಲೆಯಾನಿಸಿ ಬಿಸಿಲಿಗೆ ಕಣ್ಣು ಮುಚ್ಚಿದೆ.