ಫ್ಲಾಪಿಗೆ ಮರಳದ ಕೀ

"ಆ ಫ್ಲಾಪಿ ಮುಟ್ಬೇಡಿ!"

ಶೀತಲ್ ಕೂಗಿದ ರಭಸಕ್ಕೆ, ಶಿವಮೊಗ್ಗದ ಅಂಗಡಿಯಿಂದ ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಗುರು ಬೆಚ್ಚಿ ಕೈ ಹಿಂದಕ್ಕೆ ತೆಗೆದ. ಅವಳು ಮೇಜಿನ ಮೇಲೆಲ್ಲ ತಡಕಿ, ಫ್ಲಾಪಿ ಸಿಕ್ಕ ಕೂಡಲೇ ಎದೆಗೆ ಒತ್ತಿಕೊಂಡಳು. ಆಗಲೇ ಅವನಿಗೆ ತಿಳಿದದ್ದು... ಈ ಹುಡುಗಿಗೆ ಕಣ್ಣು ಕಾಣುವುದಿಲ್ಲ!

ಎರಡು ಸಾವಿರದ ನಾಲ್ಕರ ಮಾತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಶೀತಲ್‌ಳ ದೃಷ್ಟಿ ಹೋಗಿತ್ತು. ಈಗ ಭದ್ರಾವತಿಯ ನ್ಯೂ ಟೌನಿನಲ್ಲಿ ಅವಳಿಗೆ ಅಪ್ಪ ಮುರುಗೇಶಪ್ಪ ಬಿಟ್ಟರೆ ಯಾರೂ ಇಲ್ಲ. ಪರದೆಯ ಮೇಲಿನ ಇಂಗ್ಲಿಷನ್ನು ಓದಿ ಹೇಳುವ ಸಾಫ್ಟ್‌ವೇರ್ ನೆಚ್ಚಿಕೊಂಡು ವಕೀಲರೊಬ್ಬರಿಗೆ ಟೈಪಿಂಗ್ ಮಾಡಿಕೊಡುತ್ತಿದ್ದಳು.

ಅದು ನಡೆಯಬೇಕಾದರೆ ಬೇಕಾದ ಲೈಸೆನ್ಸ್ ಕೀ ಬಂದದ್ದು ಫ್ಲಾಪಿಯಲ್ಲಿ. ಒಮ್ಮೆ ಹಾಕಿದರೆ ಕೀ ಕಂಪ್ಯೂಟರಿನೊಳಗೆ ಹೋಗಿ ಕೂರುತ್ತಿತ್ತು. ರಿಪೇರಿಗೆ ಮುಂಚೆ ಅದನ್ನು ಮತ್ತೆ ಫ್ಲಾಪಿಗೆ ಎಳೆದುಕೊಳ್ಳದಿದ್ದರೆ ಕಳೆದುಹೋದಂತೆಯೇ.

"ಉಳಿದಿರೋದು ಇದೊಂದೇ ಕೀ," ಎಂದಳು. "ಇದೂ ಹೋದ್ರೆ ನಾನು ಎರಡನೇ ಸಲ ಕುರುಡಿ ಆಗ್ತೀನಿ."

"ಹೋಗಲ್ಲ ಮೇಡಂ. ನಾನಿದೀನಿ."

ಆರು ತಿಂಗಳಲ್ಲಿ ಗುರು ಹಲವು ಸಲ ಬಂದ. ಗೇಟಿನ ಸದ್ದಿಗೇ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. 'ಮೇಡಂ' ಯಾವಾಗ 'ಶೀತಲ್' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಆಮೇಲೆ ಹಾರ್ಡ್ ಡಿಸ್ಕ್ ಕೆಡತೊಡಗಿತು. ಗುರು ಕಂಪ್ಯೂಟರನ್ನೂ ಫ್ಲಾಪಿಯನ್ನೂ ಶಿವಮೊಗ್ಗಕ್ಕೆ ಒಯ್ದ. ವಾರವಾದರೂ ಸುದ್ದಿಯಿಲ್ಲ. ಅವಳು ಅಂಗಡಿಗೆ ಫೋನ್ ಮಾಡಿದಳು. ಎತ್ತಿದವರು ಮಾಲೀಕ ಶೇಷಪ್ಪ.

"ನಿಮ್ಮ ಕೀನಾ? ಗುರು ಅದನ್ನ ನಮ್ಮ ಅಂಗಡಿ ಕಂಪ್ಯೂಟರಿಗೆ ಹಾಕ್ಕೊಂಡಿದಾನಲ್ಲಮ್ಮ!"

ಅವಳು ಫೋನ್ ಇಟ್ಟುಬಿಟ್ಟಳು.

ಮರುದಿನ ಗುರು ಬಾಗಿಲಿಗೆ ಬಂದಾಗ ಅವಳು ಬಾಯಿ ತೆರೆಯಲೂ ಬಿಡಲಿಲ್ಲ.

"ಕಳ್ಳ! ಕುರುಡಿ, ಇವಳಿಗೇನು ಗೊತ್ತಾಗುತ್ತೆ ಅಂದ್ಕೊಂಡ್ರಾ?"

"ಒಂದು ಮಾತು ಕೇಳಿ, ಶೀತಲ್..."

"ಇನ್ನು ಈ ಬಾಗಿಲಿಗೆ ಬರ್ಬೇಡಿ!"

ಕದ ಮುಚ್ಚಿತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಒಂದು ಲಕೋಟೆ ಸರಿದು ಅವಳ ಕಾಲಿಗೆ ತಾಗಿತು.

ಕಾಗದ! ಕಣ್ಣಿಲ್ಲದವಳಿಗೆ ಕಾಗದ ಬರೀತಾನೆ... ಅಣಕಿಸೋಕೆ! ಅದನ್ನು ಕಪಾಟಿಗೆ ಎಸೆದಳು.

ಅಂದೇ ಸಂಜೆ ಮುರುಗೇಶಪ್ಪ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು, ಐದನೆಯ ದಿನ ಹೋಗಿಬಿಟ್ಟರು. ವಕೀಲರು ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಮನೆಯಲ್ಲಿ ಅವಳನ್ನು ಮಾತನಾಡಿಸುವ ದನಿಯೇ ಉಳಿಯಲಿಲ್ಲ.

ಅಪ್ಪನ ಶಿವಗಣಾರಾಧನೆ ಮುಗಿದ ಮರುದಿನ ಪಕ್ಕದ ಮನೆಯ ತುಂಗಮ್ಮ ಕಪಾಟು ಒರೆಸುತ್ತಿದ್ದರು.

"ಇದೇನೇ ಮಾರಾಯ್ತಿ, ಕಾಗದ ಒಡೆದೇ ಇಲ್ವಲ್ಲ?"

"ಹರಿದು ಹಾಕಿ."

ತುಂಗಮ್ಮ ಹರಿಯಲಿಲ್ಲ. ಓದಿದರು.

"ಶೀತಲ್, ಕೀಯನ್ನು ಫ್ಲಾಪಿಗೆ ಎಳೆದೆ. ಆದರೆ ಫ್ಲಾಪಿಯೇ ಬೂಷ್ಟು ಹಿಡಿದು ಹಾಳಾಗುತ್ತಿತ್ತು. ಹೊಸ ಹಾರ್ಡ್ ಡಿಸ್ಕ್ ಬರುವವರೆಗೆ ಅದು ಉಳಿಯುತ್ತಿರಲಿಲ್ಲ. ಅದಕ್ಕೇ ಕೀಯನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿ ಉಳಿಸಿದೆ. ಈಗ ಫ್ಲಾಪಿ ಸತ್ತಿದೆ, ಬೇರೆ ಫ್ಲಾಪಿಗೆ ಕೀ ಹೋಗದು; ಹಾಗಾಗಿ ಅದು ಅಲ್ಲಿಂದ ಹೊರಗೆ ಬರುವುದಿಲ್ಲ. ಆ ಕಂಪ್ಯೂಟರನ್ನೇ ನಿಮಗೆ ಕೊಡಿಸಲು ಶೇಷಪ್ಪನವರನ್ನು ಬೇಡುತ್ತಿದ್ದೇನೆ. ಇದನ್ನು ಅಪ್ಪನ ಹತ್ತಿರ ಓದಿಸಿಕೊಳ್ಳಿ..."

ಅಪ್ಪನ ಹತ್ತಿರ!

ಶೀತಲ್ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ತುಂಗಮ್ಮನ ಕೈಹಿಡಿದು ಶಿವಮೊಗ್ಗದ ಬಸ್ ಹತ್ತಿದಳು. ಅಂಗಡಿಯ ಮೆಟ್ಟಿಲೇರುತ್ತಿದ್ದಂತೆ ಒಳಗೆ ಸ್ಕ್ರೂಡ್ರೈವರ್ ಕೆಳಗೆ ಬಿದ್ದ ಸದ್ದು ಕೇಳಿಸಿತು.

"ಶೀತಲ್..."

"ಅಪ್ಪ ಹೋದ್ರು, ಗುರು. ನಿಮ್ಮ ಕಾಗದ ಓದೋರು ಯಾರೂ ಇರ್ಲಿಲ್ಲ."

ಅವನು ಹತ್ತಿರ ಬಂದ. "ನಾನು ಬಾಗಿಲಲ್ಲೇ ನಿಂತು ಕೂಗಿ ಹೇಳ್ಬೇಕಿತ್ತು. ಅವಮಾನ ಆಯ್ತು ಅಂತ ಹೊರಟುಬಿಟ್ಟೆ. ತಪ್ಪಾಯ್ತು."

"ನಾನು ನಿಮ್ಮನ್ನ ಕಳ್ಳ ಅಂದೆನಲ್ಲ..."

ಶೇಷಪ್ಪ ಗಂಟಲು ಸರಿಪಡಿಸಿಕೊಂಡರು. "ಕಂಪ್ಯೂಟರ್ ಕೊಡಕ್ಕಾಗಲ್ಲಮ್ಮ, ಅಂಗಡಿ ನಡೀಬೇಕು. ಆದ್ರೆ ಮಧ್ಯಾಹ್ನದ ಮೇಲೆ ಅದು ಖಾಲಿನೇ ಇರುತ್ತೆ. ಬಂದು ಕೂತ್ಕೊಂಡು ಕೆಲಸ ಮಾಡು."

ಅವಳು ತಲೆಯಾಡಿಸಿದಳು. ಕೀ ಹೊರಗೆ ಬರದಿದ್ದರೇನು, ಅದಿದ್ದಲ್ಲಿಗೆ ತಾನೇ ಬರಬಹುದಲ್ಲ!

"ದಿನಾ ಭದ್ರಾವತಿಯಿಂದ ಹೇಗೆ ಬರ್ತೀರಿ?" ಗುರುವಿನ ದನಿ ಮೆತ್ತಗಾಗಿತ್ತು.

"ಕೈ ಹಿಡ್ಕೊಂಡು ಕರ್ಕೊಂಡು ಬರೋರು ಒಬ್ರು ಬೇಕು... ಬರ್ತೀರಾ? ಬರೀ ಬಸ್ ಸ್ಟ್ಯಾಂಡಿಂದ ಅಲ್ಲ, ಜೀವನಪೂರ್ತಿ."

ಅವನಿಂದ ಮಾತೇ ಇಲ್ಲ.

"ತಲೆ ಆಡಿಸಿದ್ರೆ ನಂಗೆ ಕಾಣಲ್ಲ ಗುರು. ಬಾಯಿಬಿಟ್ಟು ಹೇಳಿ."

ಬೆವೆತ ಕೈಯೊಂದು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿಯಿತು.

"ಬರ್ತೀನಿ, ಶೀತಲ್."