ಚಿಲೇಶೆಗೆ ಜಾಗ

ಲುಸಾಕಾದಲ್ಲಿರುವ ನನ್ನ ಅಕ್ಕ ಬ್ವಾಲ್ಯಾಳ ಮಗಳು ಚಿಲೇಶೆ ಆರು ವರ್ಷಕ್ಕೇ ಕಫುಯೆ ನದಿಯಲ್ಲಿ ಮುಳುಗಿ ಹೋದಳು. ಅವಳ ವಿಡಿಯೊಗಳಿದ್ದ ಮನೆಯ ಸ್ಟೋರೇಜ್ ಪೆಟ್ಟಿಗೆ ಭರ್ತಿಯಾಗಿದೆಯೆಂದು ಅಕ್ಕ ನನ್ನನ್ನು ಕರೆಸಿದಳು. ಮೊದಲು ಎಲ್ಲದರ ನಕಲು ತೆಗೆದಿಟ್ಟೆ. ಒಂದೇ ವಿಡಿಯೊಗಳನ್ನು ಹೊತ್ತ ಅದರ ಎರಡು ಡಿಸ್ಕುಗಳಲ್ಲಿ ಒಂದನ್ನು ತೆಗೆದು ದೊಡ್ಡದನ್ನು ಹಾಕಿ, ಅದಕ್ಕೆ ಎಲ್ಲವೂ ಇಳಿದ ಮೇಲೆಯೇ ಇನ್ನೊಂದನ್ನು ಬದಲಿಸಿದೆ. ಬಿಸಿಯಾಗಬೇಕಿದ್ದ ಪೆಟ್ಟಿಗೆ ಮಂಜುಗಡ್ಡೆಯಂತೆ ತಣ್ಣಗಿತ್ತು.

"ಜಾಗ ದುಪ್ಪಟ್ಟಾಯ್ತು ನೋಡಕ್ಕ," ಎಂದೆ.

ನೋಡುತ್ತಿದ್ದಂತೆಯೇ ಯಾರೂ ತೆಗೆಯದ ಹೊಸ ವಿಡಿಯೊಗಳು ತುಂಬತೊಡಗಿದವು. ಒಂದನ್ನು ತೆರೆದರೆ ಒದ್ದೆಗೂದಲಿನ ಚಿಲೇಶೆ ನಗುತ್ತಿದ್ದಳು. ಮುಂದಿನ ಹಲ್ಲು ಬಿದ್ದಿತ್ತು. ಸತ್ತಾಗ ಒಂದೂ ಬಿದ್ದಿರಲಿಲ್ಲ. ಗಾಬರಿಯಿಂದ ವಯರ್ ಕೀಳಹೋದೆ.

ಅಕ್ಕ ಕೈ ಹಿಡಿದಳು. "ಬೇಡ ಕಣೋ! ಮಗು ಬೆಳೀತಿದೆ, ಇನ್ನೂ ದೊಡ್ಡದು ತಂದು ಹಾಕು."

ಅಂದಿನಿಂದ ಡಿಸ್ಕು ಬದಲಿಸುತ್ತಲೇ ಇದ್ದೇನೆ. ಚಿಲೇಶೆ ಈಗ ಅಕ್ಕನಿಗಿಂತ ಎತ್ತರವಿದ್ದಾಳೆ. ನಗುವುದನ್ನು ಮಾತ್ರ ಬಿಟ್ಟಿದ್ದಾಳೆ.